ಕ್ಯಾಪ್ಟನ್ನರ ಸೊಟ್ಟ ಬೆರಳು

ಅವರ ಎಡಗೈಯ ಕಿರುಬೆರಳು ನಡುಗೆಣ್ಣಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕಾಫಿ ಲೋಟ ಎತ್ತಿದರೆ ಉಳಿದ ಬೆರಳುಗಳೆಲ್ಲ ಒಂದು ಕಡೆ, ಅದೊಂದೇ ಬೇರೆ ಕಡೆ. ಹೊಸಬರು ಯಾರೇ ಬರಲಿ, ಕಾಫಿ ಮುಗಿಯುವುದರೊಳಗೆ ಆ ಬೆರಳಿನ ಕಥೆ ಬಂದೇ ಬರುತ್ತಿತ್ತು. ಹೊಸಕೋಟೆ ಕಡೆಯ ಹಳ್ಳಿಯವರಾದ ಅವರು ಕಾಲೇಜಿನ ಕಬಡ್ಡಿ ತಂಡಕ್ಕೆ ಕ್ಯಾಪ್ಟನ್ ಆಗಿದ್ದರಂತೆ. ಒಂದು ಫೈನಲ್ಲಿನಲ್ಲಿ ಪಕ್ಕದವನ ಕೈಗೆ ಕೈ ಕೋದುಕೊಂಡು ಎದುರಾಳಿಯನ್ನು ಅಡ್ಡಗಟ್ಟಿದಾಗ ಬೆರಳು ಮುರಿಯಿತಂತೆ. "ಕೈ ಬಿಟ್ಟಿದ್ರೆ ಬೆರಳು ಉಳೀತಿತ್ತು. ಪಕ್ಕದೋನು ನಮ್ಮೋನು, ಹೆಂಗೆ ಬಿಡೋದು?" ಎನ್ನುತ್ತಿದ್ದರು. ಆ ಕಥೆಯನ್ನು ನಾನು ಎಷ್ಟು ಸಲ ಕೇಳಿದೆನೋ, ಅಷ್ಟು ಸಲವೂ ನಂಬಿದೆ.

ದೇವನಹಳ್ಳಿಯಲ್ಲಿ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವರ ಪಿಆರ್ ಕಂಪನಿ ಶುರುವಾಯಿತು. ಹೋಟೆಲು, ಲೇಔಟು, ಶಾಲೆಗಳ ಬಗ್ಗೆ ಪೇಪರಿನಲ್ಲಿ, ಫೋನಿನಲ್ಲಿ ನಾಲ್ಕು ಒಳ್ಳೆಯ ಮಾತು ಬರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಏರ್‌ಪೋರ್ಟಿನ ಸುತ್ತ ಸೈಟು ಮಾರುವವರು ಹೆಚ್ಚಿದ ಹಾಗೆ ನಾವೂ ಹೆಚ್ಚಿದೆವು. ಕೊನೆಗೆ ಟೈರಿನವರೇ ಜಾಗ ಖಾಲಿ ಮಾಡಿ ಹೋದರು.

ಅಲ್ಲಿ ಯಾರೂ ಅವರನ್ನು ಸಾರ್ ಎನ್ನುವಂತಿರಲಿಲ್ಲ, ಕ್ಯಾಪ್ಟನ್ ಎನ್ನಬೇಕು. ನಮ್ಮನ್ನು ಕೆಂಪು ತಂಡ, ಹಸಿರು ತಂಡ ಎಂದು ಎರಡು ಮಾಡಿದ್ದರು. ಯಾವ ಕೆಲಸ ಬಂದರೂ ಎರಡೂ ತಂಡಗಳಿಗೆ ಕೊಡುತ್ತಿದ್ದರು. ಯಾರದ್ದು ಒಪ್ಪಿಗೆಯಾಗುತ್ತದೋ ಅವರು ಗೆದ್ದ ಹಾಗೆ. ಸೋತವರು ಗೆದ್ದವರಿಗೆ ತಮ್ಮ ಕೈಯಾರೆ ಕಾಫಿ ಮಾಡಿ, ನಗುತ್ತಾ ಹಂಚಬೇಕು. ಮುಖ ಊದಿಸಿಕೊಂಡರೆ "ಇನ್ನೊಂದು ರೌಂಡ್ ಹಂಚು ಗುರು" ಎನ್ನುವರು. ಆ ಪೈಪೋಟಿಯಲ್ಲಿ ನಮಗೆಲ್ಲ ಹುಚ್ಚೇ ಹಿಡಿದಿತ್ತು.

ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯವಳು. ಮಗ್ಗದ ಸದ್ದಿನಲ್ಲಿ ಬೆಳೆದವರು ಕೂಗಿಯೇ ಮಾತಾಡುತ್ತಾರೆ ಅನ್ನುವುದುಂಟು. ನನಗೋ ಹೊರಗೆ ಹೋದರೆ ಬಾಯಿಯೇ ಏಳುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೋಟೆಲ್ ಮಾಲೀಕರು ನನ್ನನ್ನು ನೋಡಿ, "ಈ ಮಗು ಏನ್ ಬರೆಯುತ್ತೆ?" ಎಂದು ನಕ್ಕರು. ಕ್ಯಾಪ್ಟನ್ ಲ್ಯಾಪ್‌ಟಾಪ್ ಮುಚ್ಚಿ, "ಬರೆಯೋದು ಇವ್ರೇ. ಇವ್ರು ಬೇಡ ಅಂದ್ರೆ ನಾವೂ ಬರ್ತೀವಿ" ಎಂದು ಎದ್ದೇಬಿಟ್ಟರು. ಮಾಲೀಕರು ಬಾಗಿಲ ತನಕ ಬಂದು ಕೈ ಹಿಡಿದು ಮತ್ತೆ ಒಳಗೆ ಕರೆದೊಯ್ದರು. ಇಳಿಯುವಾಗ ಮೆಟ್ಟಿಲಿನಲ್ಲಿ ಕ್ಯಾಪ್ಟನ್ ನನಗೆ, "ಕಬಡ್ಡಿಲಿ ಉಸಿರು ಬಿಟ್ಟೋನು ಔಟ್ ಕಣಮ್ಮ. ಮೊದ್ಲು ಉಸಿರು ಹಿಡಿ, ಆಮೇಲೆ ಒಳಗೆ ಹೋಗು" ಎಂದರು. ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು ನನಗೆ ಕಲಿಸಿದವರು ಅವರೇ.

ಆ ನಂಬಿಕೆಯ ಮೇಲೆಯೇ ಅವರನ್ನು ನಮ್ಮ ಮನೆಗೆ ಕರೆದುಕೊಂಡು ಹೋದೆ. ಪೇಟೆಯ ದೊಡ್ಡ ಸೀರೆ ಅಂಗಡಿಯೊಂದು ಎಲ್ಲಿಂದಲೋ ತರಿಸಿದ ಅಚ್ಚಿನ ಸೀರೆಗಳನ್ನು ನಮ್ಮೂರಿನ ನೇಯ್ಗೆ ಎಂದು ಮಾರುತ್ತಿತ್ತು. ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ನೇಕಾರರ ಸಂಘಕ್ಕೆ ನಮ್ಮ ದೊಡ್ಡಪ್ಪನೇ ಹಿರಿಯರು. ಜನರಿಗೆ ವ್ಯತ್ಯಾಸ ತಿಳಿಸಬೇಕು, ಅದನ್ನು ನಮ್ಮ ಕಂಪನಿ ಮಾಡಿಕೊಡಬೇಕು ಎಂಬುದು ಅವರ ಆಸೆ.

ಕ್ಯಾಪ್ಟನ್ ಮಗ್ಗದ ಪಕ್ಕ ನೆಲದ ಮೇಲೆಯೇ ಕೂತರು. ದೊಡ್ಡಮ್ಮ ಬಡಿಸಿದ ಮುದ್ದೆ, ಸೊಪ್ಪಿನ ಸಾರನ್ನು ಎರಡನೇ ಸಲ ಹಾಕಿಸಿಕೊಂಡರು. ದೊಡ್ಡಪ್ಪನಿಗೂ ಬೆರಳು ತೋರಿಸಿ ಕಥೆ ಹೇಳಿದರು. ಫೋಟೋ ಎಂದರೆ ಮೈಲಿ ದೂರ ಓಡುವ ದೊಡ್ಡಮ್ಮ ಅವತ್ತು ರಾಟೆಯ ಮುಂದೆ ಕೂತು ನಗುತ್ತಾ ಫೋಟೋ ತೆಗೆಸಿಕೊಂಡಳು. ನಾನು ಅದರ ಕೆಳಗೆ ಎರಡು ಸಾಲು ಬರೆದೆ. "ನಮ್ಮ ದೊಡ್ಡಮ್ಮನ ಮನೆಯ ನೇಯ್ಗೆ. ಅಂಚು ಮಗುಚಿ ನೋಡಿ ತಗೊಳ್ಳಿ." ನೇಯ್ದ ಸೀರೆಯ ಅಂಚು ಮಗುಚಿದರೆ ಹಿಂಬದಿಯಲ್ಲಿ ಎಳೆಗಳು ಕಾಣುತ್ತವೆ, ಅಚ್ಚಿನದರಲ್ಲಿ ಮಾಸಲು ಬಣ್ಣವಷ್ಟೇ.

ಅದಾದ ಕೆಲವು ದಿನಕ್ಕೆ ದೊಡ್ಡಪ್ಪನೂ ನಾನೂ ಬಸ್ಸಿನಲ್ಲಿ ಯಲಹಂಕಕ್ಕೆ ಹೊರಟಿದ್ದೆವು. ರಸ್ತೆ ಬದಿಯಲ್ಲಿ ಮನೆಯೆತ್ತರದ ಬೋರ್ಡು, ಅದರ ತುಂಬ ದೊಡ್ಡಮ್ಮ. ದೊಡ್ಡಪ್ಪ ಎದ್ದು ನಿಂತು, "ನಮ್ಮೋಳು ಕಣ್ರೀ, ನಮ್ಮನೇವ್ಳು" ಎಂದು ಕಂಡಕ್ಟರಿಗೂ ತೋರಿಸಿದರು. ಬಸ್ಸು ಹತ್ತಿರವಾದ ಮೇಲೆ ಕೆಳಗಿನ ಹೆಸರು ಓದಿದರು. ಅದೇ ಸೀರೆ ಅಂಗಡಿಯ ಹೆಸರು. ನನ್ನ ಮೊದಲ ಸಾಲು ಹಾಗೇ ಇತ್ತು, ಎರಡನೆಯದು ಇರಲಿಲ್ಲ. ದೊಡ್ಡಪ್ಪ ಮೆಲ್ಲಗೆ ಕೂತುಕೊಂಡರು.

ಯಲಹಂಕದಿಂದ ನಾನು ನೇರವಾಗಿ ಆಫೀಸಿಗೆ ಹೋದೆ. ವಿಷಯ ಅಲ್ಲಿ ಗೊತ್ತಾಯಿತು. ನಮ್ಮ ಕೆಂಪು ತಂಡ ಸಂಘಕ್ಕಾಗಿ ಮಾಡಿದ್ದ ಫೋಟೋ, ಮಾತು ಎಲ್ಲವನ್ನೂ ಕ್ಯಾಪ್ಟನ್ ನಮಗೆ ತಿಳಿಸದೆ ಹಸಿರು ತಂಡಕ್ಕೂ ಕೊಟ್ಟಿದ್ದರು. ಆ ಸೀರೆ ಅಂಗಡಿಯೂ ಪ್ರಚಾರಕ್ಕೆಂದು ಕ್ಯಾಪ್ಟನ್ನರ ಬಳಿಯೇ ಬಂದಿತ್ತಂತೆ, ಹಸಿರಿನವರು ಅದನ್ನೇ ಅಂಗಡಿಗೆ ಒಪ್ಪಿಸಿ ಗೆದ್ದಿದ್ದರು.

"ಹಿಂಗ್ಯಾಕೆ ಮಾಡಿದ್ರಿ ಕ್ಯಾಪ್ಟನ್?" ಎಂದೆ.

"ಎರಡೂ ಟೀಮು ನಮ್ದೇ ಕಣಮ್ಮ. ಯಾರು ಗೆದ್ರೂ ಗೆದ್ದಿದ್ದು ನಾವೇ ತಾನೆ?"

"ನಮ್ಮ ದೊಡ್ಡಪ್ಪ?"

ಅವರು ನಿಜಕ್ಕೂ ಅರ್ಥವಾಗದವರ ಹಾಗೆ ನನ್ನನ್ನು ನೋಡಿದರು. "ಅವ್ರು ಟೀಮಲ್ಲಿ ಇಲ್ವಲ್ಲಮ್ಮ" ಎಂದರು. ಆಮೇಲೆ ಎಂದಿನ ಹಾಗೆ ನಕ್ಕು, "ಇವತ್ತು ಕಾಫಿ ಕೆಂಪಿನೋರ್ದು" ಎಂದರು.

ನಾನು ಕಾಫಿ ಮಾಡಲಿಲ್ಲ. ಬ್ಯಾಗು ತೆಗೆದುಕೊಂಡು ಇಳಿದುಬಂದೆ, ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಆ ಬೋರ್ಡು ಇಳಿಯುವ ತನಕ ದೊಡ್ಡಮ್ಮ ಆ ರಸ್ತೆಯ ಬಸ್ಸು ಹತ್ತಲಿಲ್ಲ. ಬೀದಿಯವರು ಸಂಘದ ಮಾತಿಗೆ ದೊಡ್ಡಪ್ಪನನ್ನು ಕರೆಯುವುದನ್ನು ಬಿಟ್ಟರು. ಉಂಡ ಮನೆಗೆ ಎರಡು ಬಗೆದರಲ್ಲ ಎಂದು ನನ್ನ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ. "ಆ ಬೆರಳು ನೋಡಿ ನಂಬ್ಬಿಟ್ಟೆ ಕಣಮ್ಮ" ಎಂದು ದೊಡ್ಡಪ್ಪ ಒಂದೇ ಸಲ ಹೇಳಿದರು. "ಎಲ್ಲಾ ಕಟ್ಟುಕಥೆ ದೊಡ್ಡಪ್ಪ, ಬಾಗ್ಲಿಗೆ ಸಿಕ್ಕಿ ಮುರಿದಿರುತ್ತೆ" ಎಂದೆ. ಹಾಗೆ ಅಂದುಕೊಂಡ ಮೇಲೆ ನಮ್ಮಿಬ್ಬರಿಗೂ ಸ್ವಲ್ಪ ಹಗುರಾಯಿತು.

ಹೋದ ವರ್ಷ ಕ್ಯಾಪ್ಟನ್ ತೀರಿಕೊಂಡರು. ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲವಂತೆ. ಹೋಗಬಾರದು ಎಂದುಕೊಂಡೇ ಅವರ ಹಳ್ಳಿಗೆ ಹೋದೆ. ಕೆಂಪು, ಹಸಿರು ಎರಡೂ ತಂಡದವರು ಮಂಕಾಗಿ ಒಟ್ಟಿಗೇ ನಿಂತಿದ್ದರು. ಒಂದು ಬದಿಯಲ್ಲಿ ದಪ್ಪ ಮೈಯ ವ್ಯಕ್ತಿಯೊಬ್ಬರು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನೆಲಮಂಗಲದಲ್ಲಿ ಲಾರಿ ಇಟ್ಟುಕೊಂಡಿದ್ದಾರೆ, ಹಳೇ ಕಬಡ್ಡಿ ಗೆಳೆಯ ಎಂದು ಯಾರೋ ಹೇಳಿದರು. ನಾನು ಹತ್ತಿರ ಹೋಗಿ ಬೆರಳಿನ ವಿಷಯ ಕೇಳಿಯೇಬಿಟ್ಟೆ.

"ಅವತ್ತು ಪಕ್ಕದಲ್ಲಿ ಇದ್ದೋನು ನಾನೇ ಕಣಮ್ಮ" ಎಂದರು. "ಬೆರಳು ಮುರಿದಿದ್ದು ನಂಗೇ ಕೇಳಿಸ್ತು. ಬಿಡೋ ಬಿಡೋ ಅಂತ ಬಡ್ಕೊಂಡೆ. ಬಿಡಲೇ ಇಲ್ಲ."

ನಾನು ಇವತ್ತಿಗೂ ಸಭೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು ಉಸಿರು ಹಿಡಿದೇ ಒಳಗೆ ಹೋಗುತ್ತೇನೆ. ಆ ಋಣ ತೀರುವಂಥದ್ದಲ್ಲ. ಆದರೆ ಆ ಬೆರಳಿನ ಕಥೆ ಸುಳ್ಳಾಗಿರಲಿ ಎಂದು ಎಷ್ಟು ಹಂಬಲಿಸಿದ್ದೆ ಎಂಬುದು ನನಗೆ ಅವತ್ತು ಗೊತ್ತಾಯಿತು.

ಮನೆಗೆ ಬಂದು ದೊಡ್ಡಪ್ಪನಿಗೆ ಹೇಳಿದೆ. ಅವರು ಮಗ್ಗ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

"ಹಂಗಾದ್ರೆ ಕೈ ಹಿಡಿಯೋಕೆ ಬರ್ತಿತ್ತು ಅವ್ನಿಗೆ" ಎಂದು, ಮತ್ತೆ ಮಗ್ಗದ ಸ್ವಿಚ್ ಹಾಕಿದರು.