ತನಿಯಪ್ಪನಿಗೊಂದು ಎಲೆ

ಹಾರ್ಲೆಮ್‌ನ ವಾಸಂತಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾಗಿ ಗಂಡ ಅರವಿಂದನ ಹಿಂದೆ ಡಚ್ಚರ ಈ ದೇಶಕ್ಕೆ ಬಂದಳು. ವೃದ್ಧಾಶ್ರಮವೊಂದರಲ್ಲಿ ಹತ್ತೊಂಬತ್ತು ವರ್ಷ ಸೂಪು ಬಡಿಸುತ್ತಾ, ಅಲ್ಲಿಯ ಅಜ್ಜಿಯರ ಬಾಯಿಂದಲೇ ಡಚ್ ಮಾತು ಕಲಿತಳು. ಆದರೆ ಅವಳ ನಿಜವಾದ ವಿದ್ಯೆ ಬೇರೆ. ಮೂಲ್ಕಿಯಿಂದ ಕಾಪುವಿನವರೆಗೆ ಯಾವ ಮನೆಯ ಹೆಣ್ಣು ಎಲ್ಲಿಗೆ ಹೋದಳು, ಅವಳ ಮಕ್ಕಳು ಯಾರು, ಮೊಮ್ಮಕ್ಕಳು ಯಾರು ಎಂಬುದೆಲ್ಲ ಅವಳ ತಲೆಯಲ್ಲಿತ್ತು. ಆಮ್ಸ್ಟರ್‌ಡ್ಯಾಮಿನಲ್ಲಿ ಯಾರಾದರೂ ತುಳುವರು ಹೊಸದಾಗಿ ಸಿಕ್ಕರೆ ಮೊದಲ ಪ್ರಶ್ನೆಯೇ, "ನಿಮ್ಮ ಬರಿ ಯಾವುದು?" ಬರಿ ಎಂದರೆ ತಾಯಿಯ ಕಡೆಯಿಂದ ಬರುವ ವಂಶದ ಹೆಸರು. ಅದೊಂದು ಗೊತ್ತಾದರೆ ಸಾಕು, ಕಾಫಿ ಆರುವುದರೊಳಗೆ ಅವಳು ನೆಂಟಸ್ತಿಕೆ ಹುಡುಕಿಬಿಡುತ್ತಿದ್ದಳು.

ಹುಡುಕಲಾಗದೆ ಉಳಿದವನು ಒಬ್ಬನೇ, ಅವಳ ಅಜ್ಜಿಯ ಸೋದರಮಾವ ತನಿಯಪ್ಪ. ನೂರು ವರ್ಷಕ್ಕೂ ಹಿಂದೆ ಮುಂಬಯಿಗೆ ಹೋಗಿ ಹಡಗು ಹತ್ತಿದವನು ಮರಳಲಿಲ್ಲ. ಲಿವರ್‌ಪೂಲಿನಲ್ಲಿ ಬಿಳಿ ಹೆಂಗಸಿನ ಜೊತೆ ಮನೆ ಮಾಡಿಕೊಂಡು ಊರನ್ನು ಮರೆತ ಎಂದು ಯಾರೋ ಸುದ್ದಿ ತಂದರು. ಊರಲ್ಲಿ ಅವನ ಹೆಂಡತಿ ಇದ್ದಳು, ಮಗ ಇದ್ದ. ಬದುಕಿದ್ದಾನೆ ಎಂದ ಮೇಲೆ ಅವನಿಗೆ ಸತ್ತವರ ಅಗೆಲು ಬಡಿಸುವುದು ಹೇಗೆ? ಆಟಿ ತಿಂಗಳಲ್ಲಿ ಸತ್ತ ಹಿರಿಯರಿಗೆಲ್ಲ ಸಾಲಾಗಿ ಎಲೆ ಹಾಕಿ ಬಡಿಸುವಾಗ ಅವನಿಗೆ ಮಾತ್ರ ಎಲೆ ಇರಲಿಲ್ಲ. ಎಷ್ಟೋ ವರ್ಷ ಕಳೆದ ಮೇಲೂ, ಮನೆಯನ್ನು ತೊರೆದವನೆಂದು, ಯಾರೂ ಹಾಕಲಿಲ್ಲ. ಅವನ ತಂಗಿ ಸಾಯುವವರೆಗೂ "ನನ್ನ ಅಣ್ಣ ಅಂಥವನಲ್ಲ" ಎಂದೇ ಹೇಳಿದಳಂತೆ. ಈಗ ಆ ಮಾತನ್ನು ಹೇಳಲು ಉಳಿದಿದ್ದವಳು ವಾಸಂತಿಯ ಅಮ್ಮ, ಎಂಬತ್ತೇಳು ವರ್ಷದವಳು. "ನಾನು ಕಣ್ಣು ಮುಚ್ಚುವ ಮೊದಲು ಅವನ ಮೇಲಿನ ಕೊಳೆ ತೊಳಿ ಮಗಾ" ಎಂದು ಫೋನಿನಲ್ಲಿ ಪ್ರತಿ ಸಲವೂ ಹೇಳುತ್ತಿದ್ದಳು.

ವಾಸಂತಿಯ ಮಗಳು ಅಶ್ವಿತಾ ಲಿವರ್‌ಪೂಲಿನ ಹಳೆಯ ದಾಖಲೆಗಳ ಕಚೇರಿಗೆ ಪತ್ರ ಬರೆದಳು. ಮೂರು ವಾರಕ್ಕೆ ಉತ್ತರ ಬಂತು.

"ಸಾರಿ ಅಮ್ಮ, ಒಬ್ಬ ತನಿಯಪ್ಪ ಸಿಕ್ಕಿದ್ದಾನೆ, ಬಟ್ ನಮ್ಮವನಲ್ಲ. ಮನೆಯವರು ಅಂತ ತಂಗಿ ಹೆಸರು ಮಾತ್ರ ಬರೆಸಿದ್ದಾನೆ. ನಮ್ಮವನಿಗೆ ಹೆಂಡ್ತಿ, ಮಗ ಇದ್ರಲ್ವಾ? ನಾನು ಥ್ಯಾಂಕ್ಸ್ ಹೇಳಿ ಮುಗಿಸಿದೆ."

ಆಲೂಗಡ್ಡೆ ಸುಲಿಯುತ್ತಿದ್ದ ವಾಸಂತಿಯ ಕೈ ನಿಂತಿತು. "ತಂಗಿ ಹೆಸ್ರು ಎಂತ?"

"ದುಗ್ಗು ಅಂತೆ. ಊರು ಮೂಲ್ಕಿ. ಏನೋ ಫನ್ನಿ ಹೆಸರು."

"ಫನ್ನಿಯಾ? ಅದು ನನ್ನ ಅಜ್ಜಿಯ ಅಮ್ಮನ ಹೆಸರು ಮಾರಾಯ್ತಿ!"

ಪೇಪರು ಓದುತ್ತಿದ್ದ ಅರವಿಂದ ತಲೆ ಎತ್ತಿದ. "ಮೂಲ್ಕಿಯಲ್ಲಿ ಹತ್ತು ದುಗ್ಗು ಇರ್ತಾರೆ. ಯಾರೋ ಪಾಪದವನನ್ನು ಸುಮ್ಮನೆ ನಿಮ್ಮ ಮನೆಗೆ ಎಳ್ಕೊಂಡು ಬರ್ಬೇಡ."

"ಅಣ್ಣನ ಹೆಸ್ರು ಉಂಟು, ತಂಗಿ ಹೆಸ್ರು ಉಂಟು, ಊರು ಉಂಟು. ಇನ್ನೆಂತ, ಅವನೇ ಎದ್ದು ಬಂದು ಹೇಳ್ಬೇಕಾ ನಿಮಗೆ?" ಎಂದು ಗಂಡನ ಬಾಯಿ ಮುಚ್ಚಿಸಿ ಮಗಳತ್ತ ತಿರುಗಿದಳು. "ನಮ್ಮದು ಅಳಿಯಸಂತಾನ ಅಶ್ವಿತಾ. ಗಂಡಸಿನ ಕುಟುಂಬ ಅಂದ್ರೆ ಅವನ ಅಮ್ಮ, ಅಕ್ಕತಂಗಿಯರು, ಅವರ ಮಕ್ಕಳು. ಹೆಂಡ್ತಿ ಮಕ್ಕಳು ಹೆಂಡ್ತಿಯ ತಾಯಿಮನೆಗೆ ಸೇರಿದವರು. ನಿನ್ನ ಕುಟುಂಬ ಯಾರಪ್ಪಾ ಅಂತ ಕೇಳಿದ್ರೆ ಅವನು ತಂಗಿ ಹೆಸ್ರೇ ಹೇಳ್ಬೇಕು. ಹೆಂಡ್ತಿ ಹೆಸ್ರು ಹೇಳಿದ್ರೆ ಅವನು ನಮ್ಮವನೇ ಅಲ್ಲ ಅಂತಿದ್ದೆ ನಾನು."

ಅಶ್ವಿತಾ, "ಹಾಗಾದ್ರೆ ನಾನೂ ದುಗ್ಗು ಲೈನಾ?" ಎಂದಳು.

"ಮತ್ತೆ? ನಿನ್ನ ಅಪ್ಪ ಅಲ್ಲ, ನೀನು."

ಅಶ್ವಿತಾ ಆ ಕೂಡಲೇ ಇನ್ನೊಂದು ಪತ್ರ ಬರೆದಳು. ಕಚೇರಿಯವರು ಉಳಿದ ಕಾಗದಗಳ ಪ್ರತಿಯನ್ನೂ ತೆಗೆದಿಡುತ್ತೇವೆಂದರು. ತಾಯಿ ಮಗಳು ವಿಮಾನ ಹತ್ತಿ ಲಿವರ್‌ಪೂಲಿಗೇ ಹೋದರು. ಕಚೇರಿಯ ಹೆಂಗಸು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಅಶ್ವಿತಾ ಓದುತ್ತಾ ಹೋದಳು, ವಾಸಂತಿ ಕೇಳುತ್ತಾ ಹೋದಳು. ತನಿಯಪ್ಪ ಬರೀ ಖಲಾಸಿಯಲ್ಲ, ತಂಡೇಲ. ಹದಿನಾಲ್ಕು ಜನ ಅವನ ಕೈಕೆಳಗಿದ್ದರು. ಹಡಗು ದಡ ಮುಟ್ಟಿದ ಒಂಬತ್ತನೇ ದಿನ ಎದೆಯ ಜ್ವರದಿಂದ ತೀರಿಕೊಂಡಿದ್ದ, ಇಪ್ಪತ್ತಾರು ವರ್ಷಕ್ಕೆ. ಸುದ್ದಿ ಊರಿಗೆ ಯಾಕೆ ಮುಟ್ಟಲಿಲ್ಲ ಎಂಬುದು ಯಾವ ಹಾಳೆಯಲ್ಲೂ ಇರಲಿಲ್ಲ. ಬಿಳಿ ಹೆಂಗಸೂ ಇರಲಿಲ್ಲ. ಬಂದ ಒಂಬತ್ತನೇ ದಿನಕ್ಕೇ ಸತ್ತವನು ಯಾವಾಗ ಮನೆ ಮಾಡಿಯಾನು?

ಅಳಿಯಸಂತಾನದ ವಿಷಯ ಕೇಳಿ ಕಚೇರಿಯ ಹೆಂಗಸಿನ ಮುಖ ಬೇರೆಯಾಯಿತು. ಹೀಗೆಯೇ ತಂಗಿಯ ಹೆಸರು, ಅಕ್ಕನ ಹೆಸರು ಬರೆಸಿದ ಇನ್ನೂ ಏಳು ಜನರನ್ನು ಕುಟುಂಬವಿಲ್ಲದವರೆಂದು ನಾವು ಎತ್ತಿಟ್ಟಿದ್ದೇವೆ ಎಂದಳು. ಆಮೇಲೆ ಪೆನ್ನು ಹಿಡಿದು ಕುಳಿತು, ದಯವಿಟ್ಟು ಮೊದಲಿನಿಂದ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದು ಕೇಳಿದಳು. ವಾಸಂತಿ ಸೆರಗು ಸರಿಮಾಡಿಕೊಂಡು, ಮಗಳ ಇಂಗ್ಲಿಷಿನಲ್ಲಿ, ಒಂದು ಗಂಟೆ ಪಾಠ ಮಾಡಿದಳು. ಏಳನೇ ಕ್ಲಾಸಿನವಳು ಹೇಳಿದ್ದನ್ನು ಅಷ್ಟು ಓದಿದವಳು ಒಂದು ಅಕ್ಷರ ಬಿಡದೆ ಬರೆದುಕೊಂಡಳು.

ಮರುದಿನ ವಾಸಂತಿ, ಹಾಳೆಯಲ್ಲಿ ಗುರುತು ಬರೆದಿದ್ದ ತನಿಯಪ್ಪನ ಸಮಾಧಿ ನೋಡಿ ಬಂದು, ಹೊರಗಿನ ಬೆಂಚಿನ ಮೇಲೆ ಕುಳಿತು ಊರಿಗೆ ಫೋನು ಮಾಡಿದಳು. ಮನೆಯ ಯಜಮಾನಿಕೆ ಈಗ ಅಣ್ಣ ಮುರಳೀಧರನದು. ಎಲ್ಲ ಕೇಳಿ ಅವನು ತಡವರಿಸಿದ.

"ನೂರು ವರ್ಷದಿಂದ ಹಾಕದ ಎಲೆ ಈಗ ಹಾಕುದಂದ್ರೆ... ನಾಲ್ಕು ಜನ ಕೇಳ್ತಾರೆ."

"ಕೇಳಲಿ ಅಣ್ಣ. ತಂಡೇಲ ಸಾಯುವ ಹೊತ್ತಿಗೂ ನಮ್ಮ ಮನೆಯವನಾಗಿಯೇ ಇದ್ದ, ಇಂಗ್ಲಿಷರ ಪುಸ್ತಕದಲ್ಲೇ ಬರೆದದ್ದುಂಟು ಅಂತ ಹೇಳಿ. ಕಾಗದ ನಾನು ಕಳಿಸ್ತೇನೆ, ಗೋಡೆಗೆ ಹಾಕಿ."

ಅಷ್ಟರಲ್ಲಿ ಅಮ್ಮ ಮಗನ ಕೈಯಿಂದ ಫೋನು ಕಸಿದುಕೊಂಡಿದ್ದಳು. ಅಳುತ್ತಿದ್ದಾಳೆಂದುಕೊಂಡರೆ ದನಿ ಗಟ್ಟಿಯಾಗಿಯೇ ಇತ್ತು.

"ನಿನ್ನ ಅಣ್ಣನನ್ನು ಎಂತ ಕೇಳುದು? ಎಲೆ ನಾನು ಹಾಕಿಸ್ತೇನೆ, ಈ ಆಟಿಯಲ್ಲೇ. ಅವನ ಎಲೆಗೆ ಕೋಳಿಯ ಎರಡು ಕಾಲೂ ಇರಲಿ. ಎಷ್ಟು ವರ್ಷದ ಹಸಿವು, ಪಾಪ!"