ಅಚ್ಚಿನಕ್ಕ ಮಾಡದ ಸೀಲು

ಕಳೆದ ತಿಂಗಳು ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರು. ಅದರೊಳಗೆ ಹಳೆಯ ಹವಾಯಿ ಚಪ್ಪಲಿಗಳೂ ಇದ್ದುವೆಂದು ಕಾಣುತ್ತದೆ. ರಬ್ಬರು ಸುಟ್ಟ ಕಮಟು ಹೊಗೆ ಮನೆಯೊಳಗೆ ಬಂತು. ಸೊಸೆ ಬಂದು ಕಿಟಕಿ ಮುಚ್ಚಿದಳು. ನಾನು ಎದ್ದು ಮತ್ತೆ ತೆರೆದೆ. "ಏನ್ ಮಾವ, ಮೊದ್ಲೇ ಕೆಮ್ಮು ನಿಮಗೆ" ಎಂದಳು. ಯಶವಂತಪುರದಲ್ಲಿ ನಮ್ಮ ಎದುರುಮನೆಯ ಬಚ್ಚಲೊಲೆಯಿಂದ ಇದೇ ವಾಸನೆ ಎದ್ದ ದಿನ ನಾನು ಕದ ಹಾಕಿಕೊಂಡು ಒಳಗೆ ಕೂತಿದ್ದೆ. ನಲವತ್ತು ವರ್ಷದ ಮೇಲಾಯಿತು.

ಅದು ಅಚ್ಚಿನಕ್ಕನ ಮನೆ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ನಮ್ಮ ಬೀದಿಯ ಬಾಯಲ್ಲಿ ಅದು ಉಳಿಯಲಿಲ್ಲ. ಯಜಮಾನರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಮನೆಯಲ್ಲಿ ಅತ್ತೆ. ಮಕ್ಕಳಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅಕ್ಕನಿಗೆ ಮೂವತ್ತೈದರ ಆಸುಪಾಸು ಇರಬೇಕು.

ಅವರ ಕೈಕೆಲಸ ಶುರುವಾದದ್ದು ಬೆಂಡೆಕಾಯಿಯಿಂದ. ಒಂದು ದಿನ ಹುಳಿಗೆ ಹೆಚ್ಚುವಾಗ ತುಂಡಿನ ಬಾಯಿ ಐದೆಸಳಿನ ಹೂವಿನ ಹಾಗೆ ಕಂಡಿತಂತೆ. ಗಂಡನ ಸ್ಟ್ಯಾಂಪ್ ಪ್ಯಾಡಿಗೆ ಅದ್ದಿ, ತವರಿಗೆ ಬರೆದ ಕಾಗದದ ಮೂಲೆಗೆ ಒತ್ತಿ ಕಳಿಸಿದರಂತೆ. "ಹೂವು ಬಾಡಿಲ್ಲ ಕಣೇ, ಇನ್ನೊಂದು ಕಳ್ಸು" ಎಂದು ತಂಗಿ ಉತ್ತರ ಬರೆದಳಂತೆ. ಬೆಂಡೆಕಾಯಿಯಿಂದ ಆಲೂಗಡ್ಡೆಗೆ ಬಂದರು. ಆಲೂಗಡ್ಡೆ ಸಂಜೆಯೊಳಗೆ ಕಪ್ಪಾಗಿ ಮೆತ್ತಗಾಗುತ್ತಿತ್ತು. ಹಾಗಾಗಿ ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಬಿಸಿನೀರಲ್ಲಿ ತೊಳೆದು, ಒಣಗಿಸಿ, ಅರ್ಧ ಬ್ಲೇಡಿನಿಂದಲೂ ಮುರಿದ ಕೊಡೆಯ ಕಡ್ಡಿಯಿಂದಲೂ ಕೆತ್ತುವುದನ್ನು ಕಲಿತರು. ಕೊಡೆಕಡ್ಡಿಯ ಒಳಗೆ ದೋಣಿಯ ಹಾಗೆ ಹಳ್ಳವಿರುತ್ತದಲ್ಲ, ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿದರೆ ರಬ್ಬರನ್ನು ಎಳೆ ಎಳೆಯಾಗಿ ಎತ್ತುತ್ತಿತ್ತು.

ಚಪ್ಪಲಿಗೆ ಅತ್ತೆಯ ವಿರೋಧವಿತ್ತು. "ಕಾಲಲ್ಲಿ ಮೆಟ್ಟೋದ್ರಲ್ಲಿ ಲಕ್ಷ್ಮಿ ಒತ್ತಿ ಹಬ್ಬದ ಕಾಗ್ದ ಕಳಿಸ್ತೀಯೇನೇ?" ಎಂದು ಕೂಗಾಡಿದ್ದರಂತೆ. ಅಕ್ಕ ಒಂದು ಒಪ್ಪಂದಕ್ಕೆ ಬಂದರು. ದೇವರು, ದೀಪ, ಕಳಶ ಎಲ್ಲ ಆಲೂಗಡ್ಡೆಯಲ್ಲಿ. ಮಿಕ್ಕ ಜಗತ್ತೆಲ್ಲ ಚಪ್ಪಲಿಯಲ್ಲಿ. "ಅದಕ್ಕೇ ನಮ್ಮನೆ ದೇವರಿಗೆ ಒಂದೇ ದಿನದ ಆಯಸ್ಸು" ಎಂದು ಅತ್ತೆಗೆ ಕೇಳದಂತೆ ನಗುತ್ತಿದ್ದರು.

ಮೊದಮೊದಲು ಹೂಬಳ್ಳಿ, ಮಾವಿನಕಾಯಿ, ಹಂಸ ಇಷ್ಟೇ. ಆಮೇಲಾಮೇಲೆ ಅವರ ಕಣ್ಣು ಹೊರಗೆ ಓಡಾಡತೊಡಗಿತು. ಗೂಡ್ಸ್ ಗಾಡಿಯ ಡಬ್ಬಿಗಳ ಸಾಲು, ಅವರೆಕಾಯಿ ರಾಶಿಯ ಹಿಂದೆ ಕೂತ ಹೆಂಗಸಿನ ಮೊಣಕಾಲು, ಹೆಬ್ಬಾಳದ ಕೆರೆಯಲ್ಲಿ ಒಂಟಿಕಾಲಲ್ಲಿ ನಿಂತ ಕೊಕ್ಕರೆ... ಒಂದು ಸಂಕ್ರಾಂತಿಗೆ ಕಿಚ್ಚು ಹಾಯುವ ಎತ್ತನ್ನು ಮಾಡಿದರು. ಎತ್ತಿಗೆ ಒಂದು ಅಚ್ಚು, ಬೆಂಕಿಗೆ ಮೂರು. ಹಳದಿಯ ಮೇಲೆ ಕೆಂಪು, ಅದರ ಮೇಲೆ ಕಂದು. ಒಂದರ ಮೇಲೊಂದು ಕೂದಲೆಳೆ ತಪ್ಪದಂತೆ ಕೂರಿಸಲು ಗುಂಡುಪಿನ್ನು ಚುಚ್ಚಿ ಗುರುತು ಮಾಡಿಕೊಳ್ಳುತ್ತಿದ್ದರು. ಆ ಎತ್ತಿನ ಹಿಂಗಾಲು ಕಾರ್ಡಿನ ಅಂಚಿನಿಂದ ಆಚೆಗೆ ಹೋಗಿತ್ತು. ಯಾಕಕ್ಕ ಎಂದರೆ, "ಹೆದರಿರೋ ಎತ್ತು ಕಣೋ, ನಾನು ಬರೆದ ಗೆರೆ ಒಳಗೆ ನಿಲ್ಲುತ್ತಾ?" ಎಂದರು.

ಶನಿವಾರ ಮಧ್ಯಾಹ್ನ ಅವರ ನಡುಮನೆಯಲ್ಲಿ ಕ್ಲಾಸು. ಚಾಪೆ ಹಾಸಿ ಎಂಟೊಂಬತ್ತು ಹುಡುಗಿಯರು ಕೂರುತ್ತಿದ್ದರು. ನನ್ನ ತಂಗಿಯೂ ಇದ್ದಳು. ಫೀಸು ಎಂದರೆ ಒಂದು ಜೊತೆ ಹಳೆಯ ಚಪ್ಪಲಿ. ನಾನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪು ಮುಚ್ಚಿಹೋಗಿ, ಮಾಲೀಕರು ಕೊಯಮತ್ತೂರಿನ ಕಡೆ ಹೊರಟುಹೋಗಿದ್ದರು. ಇಪ್ಪತ್ತಮೂರು ವರ್ಷದ ನಾನು ಮನೆಯಲ್ಲಿ ಸುಮ್ಮನೆ ಕೂತಿರುವುದನ್ನು ನೋಡಿ ಅಕ್ಕನೇ ಕರೆದರು. "ಬಾರೋ, ಈ ಮಕ್ಕಳ ಕೈಗೆ ಅಟ್ಟೆ ಬಗ್ಗಲ್ಲ. ಕತ್ತರಿಸಿ ಕೊಡು." ಕತ್ತರಿಸಿ ಕೊಡಲು ಹೋದವನು ಕೆತ್ತಲು ಕೂತೆ. ಹುಡುಗಿಯರಿಗೆ ನಾನೊಂದು ತಮಾಷೆ. ನಾನು ಬಾಗಿಲಿಗೆ ಬಂದರೆ ಸಾಕು, "ಅಣ್ಣ ಬಂದ್ರು ಕಣ್ರೇ, ಚಪ್ಪಲಿ ಜೋಪಾನ!" ಎಂದು ಒಬ್ಬಳು ಕೂಗುತ್ತಿದ್ದಳು.

ಅಕ್ಕ ಗದರದೆ ಕಲಿಸುತ್ತಿದ್ದರು. ಪೆನ್ಸಿಲಿನಲ್ಲಿ ಬರೆದ ತೆಳು ಕಾಗದವನ್ನು ಕವುಚಿ ಹಾಕಿ ಉಗುರಿನಿಂದ ಉಜ್ಜಿದರೆ ಚಿತ್ರ ರಬ್ಬರಿಗೆ ತಿರುವುಮುರುವಾಗಿ ಇಳಿಯುತ್ತಿತ್ತು. ಮೇಲಿನಿಂದ ಕೆತ್ತಬೇಕು, ಆಳಕ್ಕೆ ಹೋಗಬಾರದು. ಇನ್ನೊಂದು ಪಾಠವನ್ನು ಪ್ರತಿ ವಾರವೂ ಹೇಳುತ್ತಿದ್ದರು. ಅಂಚಿನ ಗೆರೆಯನ್ನು ಪೂರ್ತಿ ಮುಚ್ಚಬೇಡಿ, ಕೆಳಗೆ ಎಡಗಡೆ ಎಳ್ಳುಕಾಳಿನಷ್ಟು ಜಾಗ ಬಿಡಿ ಎಂದು. ಮುಚ್ಚಿದರೆ ಒಳಗೆ ಗಾಳಿ ಸಿಕ್ಕಿ ಬಣ್ಣ ಗುಳ್ಳೆಯಾಗುತ್ತದೆಂದು ಅವರ ಅನುಭವ. ನಮ್ಮ ಕ್ಲಾಸಿನ ಯಾವ ಕಾರ್ಡು ನೋಡಿದರೂ ಅಂಚಿನಲ್ಲಿ ಆ ಸಣ್ಣ ಸಂದು ಇರುತ್ತಿತ್ತು. ಸಂಕ್ರಾಂತಿಗೆ ಆ ಕಾರ್ಡುಗಳು ಎಳ್ಳಿನ ಪೊಟ್ಟಣದ ಜೊತೆ ಬಡಾವಣೆಯ ಮನೆಮನೆಗೂ ಹೋಗುತ್ತಿದ್ದವು. ಆ ವರ್ಷ ಹತ್ತಿರದ ಹೆಣ್ಣುಮಕ್ಕಳ ಶಾಲೆಯೊಂದರಿಂದ ಕೇಳಿಕೆ ಬಂದಿತ್ತು. ಜೂನ್ ತಿಂಗಳಿನಿಂದ ಕೈಕೆಲಸದ ಟೀಚರ್ ಆಗಿ ಬರಬೇಕು, ಅಚ್ಚು ಕಲಿಸಲು ಒಂದು ಕೋಣೆಯನ್ನೇ ಬಿಟ್ಟುಕೊಡುತ್ತೇವೆ ಎಂದು. ಅಕ್ಕ ಬಹಳ ಮಾತಾಡುವವರಲ್ಲ. ಆ ವಾರ ಮಾತ್ರ ನಮ್ಮ ಅಮ್ಮನಿಗೆ ಎರಡು ಸಲ ಅದೇ ಸುದ್ದಿ ಹೇಳಿದರು. "ಕೋಣೆಗೆ ಎರಡು ಕಿಟಕಿ ಇದೆಯಂತೆ ಕಣ್ರೀ" ಎಂದು.

ಅದೇ ಹೊತ್ತಿಗೆ ದಾಸರಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ನನಗೊಂದು ಕೆಲಸದ ಆಸೆ ಹುಟ್ಟಿತು. ಎಸ್ಸೆಸ್ಸೆಲ್ಸಿ ಆಗಿತ್ತು. ಎರಡು ವರ್ಷದ ಅನುಭವವೂ ಬೇಕು, ಹಳೆಯ ಮಾಲೀಕರ ಪತ್ರ ತರಬೇಕು ಎಂದರು. ನನಗೆ ಇದ್ದದ್ದು ಹದಿನಾಲ್ಕು ತಿಂಗಳು. ಪತ್ರ ಕೊಡಲು ಮಾಲೀಕರೂ ಇರಲಿಲ್ಲ. ಟೈಪಿಂಗ್ ಕಲಿಯುತ್ತಿದ್ದ ಗೆಳೆಯನಿಂದ ಪತ್ರವನ್ನು ಹೊಡೆಸಿದೆ. ಸಹಿ ನಾನೇ ಹಾಕಿದೆ. ಉಳಿದದ್ದು ವರ್ಕ್‌ಶಾಪಿನ ದುಂಡು ಸೀಲು... ಹಳೆಯ ಸಂಬಳದ ಚೀಟಿಯ ಮೇಲಿದ್ದ ಸೀಲನ್ನು ತೆಳು ಕಾಗದಕ್ಕೆ ಇಳಿಸಿ, ಕವುಚಿ ಉಜ್ಜಿ, ಎರಡು ಮಧ್ಯಾಹ್ನ ಕೂತು ಕೆತ್ತಿದೆ. ಅಕ್ಕ ಕೊಟ್ಟ ಕೊಡೆಕಡ್ಡಿಯಿಂದಲೇ ಕೆತ್ತಿದೆ. ಒತ್ತಿ ನೋಡಿದಾಗ ನನಗೆ ಹೆದರಿಕೆ ಆಗಲಿಲ್ಲ, ಹೆಮ್ಮೆ ಆಯಿತು. ಆ ಹೆಮ್ಮೆಯನ್ನೂ ಇಲ್ಲಿ ಬರೆಯದಿದ್ದರೆ ತಪ್ಪೊಪ್ಪಿಕೊಂಡಂತಾಗುವುದಿಲ್ಲ.

ಕೆಲಸಕ್ಕೆ ಸೇರಿದ ಮೂರನೆಯ ವಾರ ಆಫೀಸಿನಿಂದ ಕರೆ ಬಂತು. ಕಾರ್ಖಾನೆಯಲ್ಲಿ ಕಾಗದಪತ್ರ ನೋಡುವ ಗುಮಾಸ್ತರ ಮಗಳು ನಮ್ಮ ಕ್ಲಾಸಿನ ಹುಡುಗಿ. ಅವರ ಮನೆಯ ಗೋಡೆಗೆ ಮೂರು ಸಂಕ್ರಾಂತಿ ಕಾರ್ಡು ಅಂಟಿಸಿದ್ದರಂತೆ. ಅವರು ನನ್ನ ಪತ್ರವನ್ನು ಮೇಜಿನ ಮೇಲಿಟ್ಟು ಸೀಲಿನ ಮೇಲೆ ಬೆರಳಿಟ್ಟರು. ದುಂಡು ಗೆರೆಯಲ್ಲಿ, ಕೆಳಗೆ ಎಡಗಡೆ, ಎಳ್ಳುಕಾಳಿನಷ್ಟು ಸಂದು. ಮೋಸ ಮಾಡುವಾಗಲೂ ನನ್ನ ಕೈ ಗುರುವಿನ ಮಾತು ಮೀರಿರಲಿಲ್ಲ.

"ಇದು ಅಚ್ಚಿನಕ್ಕನ ಮನೆ ಕೆಲಸ. ಅಲ್ವೇನಯ್ಯಾ?"

ನಾನೇ ಮಾಡಿದ್ದು ಎಂದಿದ್ದರೆ ಕೆಲಸ ಹೋಗುತ್ತಿತ್ತು, ಪೊಲೀಸರೂ ಬರಬಹುದಿತ್ತು. ಬಾಯಿಂದ ಬಂದದ್ದು ಬೇರೆ. "ಹೌದು ಸಾರ್. ವರ್ಕ್‌ಶಾಪಿನ ಸೀಲ್ ಕಳೆದುಹೋಗಿತ್ತು. ಓನರ್ ಹೇಳಿದ್ರು ಅಂತ ಅಕ್ಕ ಒಂದು ಮಾಡ್ಕೊಟ್ರು."

"ಆಯಮ್ಮನ ಬಾಯಲ್ಲೇ ಕೇಳೋಣ, ನಡಿ" ಎಂದರು.

ಅಂದು ಸಂಜೆ ಅವರ ಸೈಕಲ್ಲಿನ ಹಿಂದೆ ನನ್ನ ಸೈಕಲ್ಲು. ಬಸ್ಸು ಲಾರಿಗಳ ನಡುವೆ ತುಮಕೂರು ರಸ್ತೆಯುದ್ದಕ್ಕೂ, ಈಗ ಹೇಳಿಬಿಡಲೇ, ಇಲ್ಲಿ ಹೇಳಿಬಿಡಲೇ ಎಂದುಕೊಳ್ಳುತ್ತಾ ಬಂದೆ. ಹೇಳಲಿಲ್ಲ. ಅಕ್ಕ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ಗುಮಾಸ್ತರು ನಾನು ಹೇಳಿದ್ದನ್ನೆಲ್ಲ ಹೇಳಿ, ಪತ್ರ ಕೊಟ್ಟು, "ಇದು ನೀವು ಮಾಡಿದ್ದೇನಮ್ಮಾ?" ಎಂದು ಕೇಳಿದರು. ಅಕ್ಕ ಪತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಮೊರದಲ್ಲಿದ್ದ ಅಕ್ಕಿಯನ್ನು ನೋಡುತ್ತಿದ್ದೆ.

"ಹೂಂ. ನಾನೇ ಮಾಡ್ಕೊಟ್ಟೆ. ಅವರ ಓನರ್ ಕೇಳಿದ್ರು" ಎಂದರು.

ಗುಮಾಸ್ತರು ಹೊರಟ ಮೇಲೆ ನಾನು ಅಲ್ಲೇ ನಿಂತೆ. ಕಾಲಿಗೆ ಬೀಳಬೇಕೆಂದಿದ್ದೆ. ಅಕ್ಕ ಮತ್ತೆ ಅಕ್ಕಿ ಆರಿಸತೊಡಗಿದ್ದರು. ತಲೆ ಎತ್ತದೆ, "ಆಳವಾಗಿ ಕೆತ್ತಿದೀಯ. ಇಷ್ಟು ಆಳ ನಾನು ಹೇಳ್ಕೊಟ್ಟಿರ್ಲಿಲ್ಲ" ಎಂದರು. ಇಷ್ಟೇ. "ಹೋಗು, ನಿಮ್ಮಮ್ಮ ಕಾಯ್ತಿರ್ತಾರೆ."

ನನ್ನ ಕೆಲಸ ಉಳಿಯಿತು. ಆ ಒಂದು ಸುಳ್ಳಿನಿಂದ ಎಲ್ಲ ಅಲ್ಲಿಗೇ ಮುಗಿಯಿತೆಂದು ನಾನು ನಂಬಿದೆ, ಅಥವಾ ನಂಬಲು ಇಷ್ಟಪಟ್ಟೆ. ಗುಮಾಸ್ತರು ಕೆಟ್ಟವರಲ್ಲ. ಮಗಳನ್ನು ಕ್ಲಾಸು ಬಿಡಿಸಿದರು, ಯಾಕೆ ಎಂದು ಕೇಳಿದವರಿಗೆ ಕಾರಣ ಹೇಳಿದರು. ಯಾರು ಕೇಳಿದರೂ ಸೀಲು ಮಾಡಿಕೊಡುವ ಮನೆಯಂತೆ ಎಂಬ ಮಾತು ಹಾಲಿನ ಬೂತಿನಿಂದ ಹಿಟ್ಟಿನ ಗಿರಣಿಗೆ, ಗಿರಣಿಯಿಂದ ಆ ಹೆಣ್ಣುಮಕ್ಕಳ ಶಾಲೆಗೆ ತಲುಪಿತು. ಒಂದು ಶನಿವಾರ ಐದು ಹುಡುಗಿಯರು, ಮುಂದಿನ ಶನಿವಾರ ಇಬ್ಬರು. ನನ್ನ ತಂಗಿಯನ್ನು ಅಮ್ಮನೇ ತಡೆದರು. "ನಿನ್ನಣ್ಣನಿಗೆ ಈಗ ತಾನೇ ಕೆಲ್ಸ ಸಿಕ್ಕಿದೆ, ಆ ಸಹವಾಸ ಬೇಡ" ಎಂದರು. ನಾನು ಪಕ್ಕದಲ್ಲೇ ಊಟ ಮಾಡುತ್ತಾ ಕೂತಿದ್ದೆ... ತುತ್ತು ಗಂಟಲಲ್ಲಿ ಇಳಿಯಿತು, ಅದೂ ನೆನಪಿದೆ.

ಶಾಲೆಯವರು ಆಮೇಲೆ ಹೇಳಿಕಳಿಸುತ್ತೇವೆ ಎಂದರು, ಹೇಳಿಕಳಿಸಲಿಲ್ಲ. ಯಜಮಾನರ ಕಚೇರಿಗೆ ಯಾರೋ ಹೆಸರಿಲ್ಲದ ಅರ್ಜಿ ಹಾಕಿದರು. ಮನೆಯಲ್ಲಿ ಕಚೇರಿಯ ಸೀಲೂ ಇದೆಯೇನೋ ನೋಡಿ ಎಂದು. ಅವರಿಗೆ ನೋಟೀಸು ಬಂತು. ಹೆದರಿದ ಮನುಷ್ಯ ಒಂದು ಭಾನುವಾರ ಬೆಳಿಗ್ಗೆ ಆರು ವರ್ಷದ ಅಚ್ಚುಗಳನ್ನೆಲ್ಲ ಎರಡು ಬುಟ್ಟಿ ತುಂಬಿ ತಂದು ಬಚ್ಚಲೊಲೆಗೆ ಹಾಕಿದರು. ಕಪ್ಪು ಹೊಗೆ ನಮ್ಮ ಮನೆಯವರೆಗೂ ಬಂತು. "ಎಣ್ಣೆ ನೀರಿಗೆ ಚಪ್ಪಲಿ ಉರಿ ಹಾಕಿದಾರೆ" ಎಂದು ಪಕ್ಕದ ಮನೆಯವರು ನಕ್ಕರು. ಅಕ್ಕ ತಡೆಯಲಿಲ್ಲವಂತೆ. ಹಿತ್ತಲ ಕಲ್ಲಿನ ಮೇಲೆ ಕೂತು, ಹೊಗೆ ಮುಗಿಯುವವರೆಗೂ ಏಳಲಿಲ್ಲವಂತೆ.

ಮುಂದಿನ ಸಂಕ್ರಾಂತಿಗೆ ತಂಗಿ ಎಳ್ಳು ಬೀರಲು ಹೊರಟಾಗ ಆ ಮನೆಗೆ ಹೋಗಲು ಹೆದರಿದಳು. ನಾನೂ ಬರುತ್ತೇನೆ ಎಂದೆ. ಇವತ್ತು ಕೇಳಿಯೇಬಿಡುತ್ತೇನೆ, ಕ್ಷಮಿಸಿ ಎನ್ನುತ್ತೇನೆ, ಬೀದಿಯವರ ಮುಂದೆ ನಿಜ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಅಕ್ಕ ತಂಗಿಯ ಕೆನ್ನೆ ಸವರಿ, ಪೊಟ್ಟಣ ತೆಗೆದುಕೊಂಡು, ತಿರುಗಿ ಕಬ್ಬಿನ ತುಂಡು ಕೊಟ್ಟರು. "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಅಕ್ಕ" ಎಂದಳು ತಂಗಿ, ರೂಢಿಯಂತೆ. ಅಕ್ಕ ನನ್ನ ಕಡೆ ನೋಡಿದರು. ಕೋಪ ಇರಲಿಲ್ಲ. ಇದ್ದಿದ್ದರೆ ಬದುಕುತ್ತಿದ್ದೆ.

"ನಂದು ಹೋದ ವರ್ಷವೇ ಆಡಿ ಆಯ್ತು ಕಣೋ" ಎಂದರು. "ಈ ವರ್ಷ ನೀನಾಡು."

ನಾನು ಆಡಲಿಲ್ಲ. ತಂಗಿ ಪಕ್ಕದಲ್ಲಿದ್ದಳು, ದಾರಿಯಲ್ಲಿ ಜನರಿದ್ದರು, ನನಗೆ ಕೆಲಸ ಖಾಯಂ ಆಗಲು ಇನ್ನೂ ಮೂರು ತಿಂಗಳಿತ್ತು... ಕಾರಣಗಳಿಗೆ ಯಾವತ್ತೂ ಬರ ಬರಲಿಲ್ಲ. ಅದಾಗಿ ಎರಡು ವರ್ಷಕ್ಕೆ ಯಜಮಾನರಿಗೆ ದೂರದ ಊರಿಗೆ ವರ್ಗವಾಯಿತು. ಸಾಮಾನು ತುಂಬಿದ ಲಾರಿ ಹೊರಟಾಗ ನಾನು ಶಿಫ್ಟಿನಲ್ಲಿದ್ದೆ. ಅದನ್ನೂ ಬೇಕೆಂದೇ ಹಾಗೆ ಮಾಡಿಕೊಂಡಿದ್ದೆ. ಆ ಕಾರ್ಖಾನೆಯಲ್ಲೇ ದುಡಿದು, ಆ ಸಂಬಳದಲ್ಲೇ ತಂಗಿಯ ಮದುವೆ ಮಾಡಿ, ಈ ಮನೆ ಕಟ್ಟಿ, ನಿವೃತ್ತನಾದೆ. ಬೀಳ್ಕೊಡುಗೆಯ ದಿನ ನನ್ನ ಪ್ರಾಮಾಣಿಕತೆಯ ಬಗ್ಗೆ ಒಬ್ಬರು ಭಾಷಣ ಮಾಡಿದರು.

ಹೊಗೆ ಬಂದ ಮರುವಾರ, ಸಕ್ಕರೆ ಕಾಯಿಲೆಯ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಕ್ಲಿನಿಕ್ಕಿಗೆ ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ಬಹಳ ಹೊತ್ತು ನೋಡಿ, "ಅಣ್ಣ ಅಲ್ವಾ ನೀವು? ಚಪ್ಪಲಿ ಜೋಪಾನ!" ಎಂದು ನಕ್ಕರು. ಆ ಗುಮಾಸ್ತರ ಮಗಳು. ತಲೆ ಪೂರ್ತಿ ಬೆಳ್ಳಗಾಗಿದೆ. ಅಚ್ಚಿನಕ್ಕ ತೀರಿಕೊಂಡು ಹನ್ನೊಂದು ವರ್ಷವಾಯಿತೆಂದು ಅವರಿಂದಲೇ ತಿಳಿಯಿತು. ಹೋದ ಊರಿನಲ್ಲಿ ಒಂದು ಕಾರ್ಡನ್ನೂ ಮಾಡಲಿಲ್ಲವಂತೆ. ಯಾರಾದರೂ ಕೇಳಿದರೆ, ಕಣ್ಣು ಕಾಣಲ್ಲ ಎನ್ನುತ್ತಿದ್ದರಂತೆ.

"ಪಾಪ, ಅಂಥಾ ಕೈ ಅವರದು. ಅಷ್ಟು ಕಲೆ ಇಟ್ಕೊಂಡು ಯಾಕಾದ್ರೂ ಆ ಕಳ್ಳ ಸೀಲಿನ ಕೆಲಸಕ್ಕೆ ಹೋದ್ರೋ. ಅಲ್ವಾ ಅಣ್ಣಾ?" ಎಂದರು.

ಕೇಳಲು ಬೇರೆ ಯಾರೂ ಇರಲಿಲ್ಲ. ಕೆಲಸ ಹೋಗುವ ಭಯವಿಲ್ಲ, ಅಮ್ಮ ಇಲ್ಲ, ಗುಮಾಸ್ತರೂ ಇಲ್ಲ. ಎಪ್ಪತ್ತರ ಹತ್ತಿರ ಬಂದ ನಾನು ಬ್ಯಾಂಡೇಜು ಸುತ್ತಿದ ಕಾಲನ್ನು ನೋಡುತ್ತಾ, "ಹೂಂ" ಎಂದೆ.

ಅದಕ್ಕೇ ಇದನ್ನು ಬರೆದೆ. ಸೀಲು ಕೆತ್ತಿದ್ದು ನಾನು. ಅಕ್ಕ ಅದನ್ನು ಮೊದಲ ಸಲ ನೋಡಿದ್ದು ಅಂದು ಅಂಗಳದಲ್ಲಿ, ಗುಮಾಸ್ತರು ಕೈಗೆ ಕೊಟ್ಟಾಗ. ಆ ಹೆಂಗಸು ಮುಂದಿನ ಮಂಗಳವಾರವೂ ಕ್ಲಿನಿಕ್ಕಿಗೆ ಬರುತ್ತಾರಂತೆ. ಈ ಹಾಳೆಗಳನ್ನು ಅವರ ಕೈಗೆ ಕೊಡಬೇಕೆಂದಿದ್ದೇನೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.