ಎದೆಯ ಆಪರೇಷನ್ನಿಗೆ ಅತ್ತೆ ಬಿಟ್ಟ ಉಪ್ಪು

ನವೆಂಬರ್ ತಿಂಗಳ ಎರಡನೇ ಬುಧವಾರ, ಬೆಳಿಗ್ಗೆ ಎಂಟೂವರೆಗೆ, ಪುಣೆಯ ಒಂದು ಆಸ್ಪತ್ರೆಯಲ್ಲಿ ನನ್ನ ಎಡ ಸ್ತನಕ್ಕೆ ಸಿಲಿಕೋನ್ ಇಂಪ್ಲಾಂಟ್ ಇಟ್ಟರು. ಆಪರೇಷನ್ ಒಂದೂಕಾಲು ಗಂಟೆ ನಡೆಯಿತು. ಅದಕ್ಕೆ ಹನ್ನೊಂದು ದಿನ ಮೊದಲು, ಶನಿವಾರ, ನನ್ನ ಅತ್ತೆ ರಾಂಜಣಗಾಂವದ ಗಣಪತಿಯ ಮುಂದೆ ನಿಂತು ಉಪ್ಪು ಬಿಟ್ಟಿದ್ದರು.

ಸೊಸೆ ಗುಣವಾಗುವ ತನಕ ಉಪ್ಪು ಮುಟ್ಟುವುದಿಲ್ಲ ಎಂಬುದು ಹರಕೆ.

ನನಗೆ ಕಾಯಿಲೆ ಇರಲಿಲ್ಲ. ಹದಿಮೂರು ಹದಿನಾಲ್ಕನೇ ವಯಸ್ಸಿನಲ್ಲಿ ಬಲಗಡೆ ಬೆಳೆಯಿತು, ಎಡಗಡೆ ಬೆಳೆಯಲಿಲ್ಲ. ಧಾರವಾಡದ ಲೇಡಿ ಡಾಕ್ಟರ್ ನೋಡಿ, ಕೆಲವರಿಗೆ ಹೀಗಿರುತ್ತದೆ, ತೊಂದರೆ ಏನಿಲ್ಲ ಎಂದರು. ಅವ್ವ ಮನೆಗೆ ಬಂದು ಹಳೆಯ ಧೋತರ ಹರಿದು, ಒಳಗೆ ಹತ್ತಿ ತುಂಬಿ, ಅಂಗೈಯಗಲದ ಒಂದು ಸಣ್ಣ ದಿಂಬು ಹೊಲಿದಳು. ನಾವು ಅದನ್ನು ಗಾದಿ ಎನ್ನುತ್ತಿದ್ದೆವು. ಹದಿನೈದರಿಂದ ಮೂವತ್ನಾಲ್ಕರವರೆಗೆ ಗಾದಿಯಿಲ್ಲದೆ ನಾನು ಮನೆಯ ಹೊಸ್ತಿಲು ದಾಟಿಲ್ಲ. ಗಂಡ ಗಿರೀಶನಿಗೆ ಮದುವೆಗೆ ಮೊದಲೇ ಹೇಳಿದ್ದೆ. ಮಗಳು ಹುಟ್ಟಿದಾಗ ಹಾಲು ಹೆಚ್ಚೂಕಡಿಮೆ ಬಲಗಡೆಯಿಂದಲೇ ಬಂತು. ಅವಳು ಹಾಲು ಬಿಟ್ಟ ಮೇಲೆ ಎರಡೂ ಕಡೆಯ ವ್ಯತ್ಯಾಸ ಇನ್ನೂ ಹೆಚ್ಚಾಯಿತು.

ನಾನು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ನಮ್ಮ ಮನೆಯಿರುವ ನಿಗಡಿಯಿಂದ ಕಂಪನಿ ಬಸ್. ಏನು ಕಂಡಿತು, ಯಾವಾಗ, ಅಳತೆ ಎಷ್ಟು ಎಂದು ಬರೆಯುವುದು ನನ್ನ ಕೆಲಸ. ಕಳೆದ ಜೂನ್‌ನಲ್ಲಿ ನಮ್ಮ ದೊಗಳೆ ಕೋಟುಗಳ ಬದಲು ಟೀ ಶರ್ಟ್ ಬರುತ್ತದೆ ಎಂದು ನೋಟಿಸ್ ಹಾಕಿದರು. ಅದೇ ವಾರ ಬಾಗಿ ಒಂದು ಬಿಡಿಭಾಗ ಅಳೆಯುತ್ತಿದ್ದಾಗ ಗಾದಿ ಜಾರಿ ಹೊಟ್ಟೆಯ ಹತ್ತಿರ ಬಂತು. ಯಾರೂ ನೋಡಲಿಲ್ಲ. ಕೋಟು ಇತ್ತು.

ಪ್ಲಾಸ್ಟಿಕ್ ಸರ್ಜನ್ ನನ್ನಷ್ಟೇ ವಯಸ್ಸಿನ ಮರಾಠಿ ಹೆಂಗಸು. ಟೇಪು ಹಿಡಿದು ಅಳೆದರು, ಫೋಟೋ ತೆಗೆದರು, ಸೋನೋಗ್ರಫಿ ಮಾಡಿಸಿದರು. ಮೊದಲ ಭೇಟಿಯಲ್ಲಿ ಅವರು ಹೇಳಿದ್ದರಲ್ಲಿ ಅರ್ಧಕ್ಕರ್ಧ ಆಗದಿರುವ ಸಂಗತಿಗಳೇ. ಎರಡೂ ಕಡೆ ಒಂದೇ ಅಳತೆ ಬರುವುದಿಲ್ಲ, ಹತ್ತಿರ ಬರುತ್ತದೆ. ತೊಟ್ಟಿನ ಸ್ಪರ್ಶ ಕೆಲವು ತಿಂಗಳು ಹೋಗಬಹುದು, ಕೆಲವರಿಗೆ ಪೂರ್ತಿ ಮರಳುವುದಿಲ್ಲ. ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ, ಮುಂದೆ ಎಂದಾದರೂ ಬದಲಿಸಬೇಕಾಗಬಹುದು. ಸುತ್ತಲಿನ ಪೊರೆ ಗಟ್ಟಿಯಾಗಿ ಬಿಗಿಯಬಹುದು. ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು. ಮುಂದೆ ಮ್ಯಾಮೋಗ್ರಫಿಗೆ ಹೋದರೆ ಒಳಗೆ ಇಂಪ್ಲಾಂಟ್ ಇದೆ ಎಂದು ಮೊದಲೇ ತಿಳಿಸಬೇಕು. 'ಹತ್ತಿರ ಬರುತ್ತದೆ' ಎಂಬ ಮಾತು ನನಗೆ ಹಿಡಿಸಿತು. ಅಳತೆ ಇಷ್ಟರವರೆಗೆ ಹೆಚ್ಚುಕಡಿಮೆ ಇರಬಹುದು ಎಂಬ ಮಿತಿ, ಕಾರ್ಖಾನೆಯಲ್ಲಿ ಅದಕ್ಕೆ ಟಾಲರೆನ್ಸ್ ಎನ್ನುತ್ತಾರೆ. ಅದಿಲ್ಲದ ಡ್ರಾಯಿಂಗ್ ನಾನು ಇದುವರೆಗೆ ನೋಡಿಲ್ಲ.

ಗಾತ್ರ ನಿರ್ಧರಿಸಲು ಕ್ಲಿನಿಕ್ಕಿನಲ್ಲಿ ಒಂದೊಂದೇ ಮಾದರಿಯನ್ನು ಬ್ರಾ ಒಳಗಿಟ್ಟು ಕನ್ನಡಿಯ ಮುಂದೆ ನಿಲ್ಲಿಸಿದರು. ಮನೆಯಲ್ಲಿ ಅಷ್ಟೇ ತೂಕದ ಅಕ್ಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಹಾಕಿಕೊಂಡು ಓಡಾಡಿ ನೋಡಲು ಹೇಳಿದರು. ಇಂದ್ರಾಯಣಿ ಅಕ್ಕಿ ಹಾಕಿಕೊಂಡು ಪಾತ್ರೆ ತೊಳೆದೆ, ಮಹಡಿ ಹತ್ತಿದೆ, ಮಗಳನ್ನು ಎತ್ತಿಕೊಂಡೆ. ಮೂರನೆಯ ದಿನ ಗಿರೀಶ ಆ ಚೀಲವನ್ನು ಕುಕ್ಕರಿಗೆ ಸುರಿಯಲು ಹೊರಟಿದ್ದ.

ಆಪರೇಷನ್ ದಿನ ಗೊತ್ತಾದ ಮೇಲೆ ಅವನು ರಾಂಜಣಗಾಂವದ ಹತ್ತಿರದ ಶಿರೂರಿಗೆ ಫೋನ್ ಮಾಡಿದ. ಅತ್ತೆ ಅಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾರೆ. ನಾನು ಪಕ್ಕದಲ್ಲೇ ಕುಳಿತಿದ್ದೆ, ಸ್ಪೀಕರ್ ಹಾಕಿತ್ತು.

"ಅವ್ವಾ, ಇಕೀದು ಎದೀ ಆಪರೇಷನ್ ಅದ."

ಎಷ್ಟು ಕಡೆ ಎಂದು ಅತ್ತೆ ಕೇಳಿದರು.

"ಒಂದ ಕಡೆ. ಎಡಕ್ಕ."

ಗಿರೀಶ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಮ್ಮ ಮಾತಿನಲ್ಲಿ ಎದೆ ಅಂದರೆ ಎಲ್ಲವೂ ಎದೆಯೇ. ಮೊಲೆ ಎಂಬ ಪದವನ್ನು ತಾಯಿಯ ಮುಂದೆ ಆಡಲು ಅವನ ನಾಲಿಗೆ ಏಳಲಿಲ್ಲ. ಮಾವ ಹನ್ನೊಂದು ವರ್ಷದ ಹಿಂದೆ ತಮ್ಮ ಬಟ್ಟೆ ಅಂಗಡಿಯಲ್ಲಿ, ಗಿರಾಕಿಗೆ ಸೀರೆ ಬಿಡಿಸಿ ತೋರಿಸುತ್ತಾ, ಹಾರ್ಟ್ ಅಟ್ಯಾಕ್‌ನಿಂದ ತೀರಿಕೊಂಡರು. ಅತ್ತೆ ಕೇಳಿಸಿಕೊಂಡದ್ದು ಹಾರ್ಟ್ ಎಂದು, ಎಷ್ಟು ಕಡೆ ಎಂದದ್ದು ಬ್ಲಾಕುಗಳನ್ನು ಎಂದು ಫೋನ್ ಇಟ್ಟ ಮೇಲೆ ನಮಗಿಬ್ಬರಿಗೂ ಹೊಳೆಯಿತು. ನಾಳೆ ಹೇಳೋಣ ಎಂದುಕೊಂಡೆವು.

ಮರುದಿನ ಬೆಳಿಗ್ಗೆ ಅವರು ರಾಂಜಣಗಾಂವಕ್ಕೆ ಹೋಗಿ ಬಂದಾಗಿತ್ತು.

ತಪ್ಪು ತಿದ್ದಲು ಆಮೇಲೆ ಪ್ರತಿದಿನವೂ ಅವಕಾಶವಿತ್ತು. ಗಿರೀಶ ನನ್ನ ಮುಖ ನೋಡುತ್ತಿದ್ದ, ನಾನು ಅವನ ಮುಖ. ನನ್ನ ಅಂಜಿಕೆ ಬೇರೆ ಇತ್ತು. ಹಾರ್ಟಿಗೆ ಕೊಯ್ಯುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ನನ್ನದಕ್ಕೆ, ಏನೂ ಆಗದ ಮೈಯನ್ನು ಚೆಂದಕ್ಕಾಗಿ ಕೊಯ್ಸಿಕೊಂಡಳು ಎನ್ನುವ ಮಾತು ಬರುತ್ತಿತ್ತು.

ಆಪರೇಷನ್ ದಿನ ಖಾಲಿ ಹೊಟ್ಟೆ. ನಿಲ್ಲಿಸಿ ಪೆನ್ನಿನಿಂದ ಗೆರೆ ಎಳೆದರು. ನಾನು ಕಾರ್ಖಾನೆಯಲ್ಲಿ ಬಿಡಿಭಾಗಗಳ ಮೇಲೆ ಎಳೆಯುವಂಥದ್ದೇ ಗೆರೆ. ಒ.ಟಿ. ತಣ್ಣಗಿತ್ತು. ಅನೆಸ್ತೆಟಿಸ್ಟ್ ಮಗಳ ಹೆಸರು ಕೇಳಿದರು. ಹೇಳಿ ಮುಗಿಸಿದ ನೆನಪಿಲ್ಲ.

ಎಚ್ಚರವಾದಾಗ ಎಡ ಎದೆಯ ಮೇಲೆ ಯಾರೋ ಕುಳಿತಿದ್ದಾರೆ ಅನ್ನಿಸಿತು. ನಾನು ಎಣಿಸಿದ್ದ ಉರಿ ಇರಲಿಲ್ಲ, ಬಿಗಿತ ಇತ್ತು. ಇಂಪ್ಲಾಂಟ್ ಇರುವುದು ಸ್ನಾಯುವಿನ ಕೆಳಗೆ, ಆ ಸ್ನಾಯು ಹಿಗ್ಗಲು ಒಪ್ಪದೆ ಹಟ ಮಾಡುತ್ತದೆ, ಮೊದಲ ಮೂರು ದಿನ ಹೀಗೇ ಎಂದು ಡಾಕ್ಟರ್ ಹೇಳಿದ್ದರು. ಹಾಗೇ ಆಯಿತು. ಹೊಲಿಗೆ ಸ್ತನದ ಕೆಳಗಿನ ಮಡಿಕೆಯಲ್ಲಿ, ಎರಡು ಬೆರಳಿನಷ್ಟು ಉದ್ದ. ಮೇಲೆ ಬಿಗಿಯಾದ ಸರ್ಜಿಕಲ್ ಬ್ರಾ, ಹಗಲೂ ರಾತ್ರಿ. ಒಂದು ರಾತ್ರಿ ಅಲ್ಲಿಟ್ಟುಕೊಂಡು ಮನೆಗೆ ಕಳಿಸಿದರು.

ಮನೆಗೆ ಅತ್ತೆ ಬಂದಿದ್ದರು.

ಮೊದಲ ವಾರದ ನಿಯಮಗಳು ಇವು. ಮೂರು ದಿಂಬು ಒರಗಿಸಿ ಅಂಗಾತ ಮಲಗಬೇಕು. ಎಡಗೈ ಭುಜಕ್ಕಿಂತ ಮೇಲೆ ಹೋಗಬಾರದು. ತುಂಬಿದ ಕೊಡ ಬಿಡಿ, ಹಾಲಿನ ಪಾತ್ರೆಯನ್ನೂ ಎತ್ತಬಾರದು. ಮಗಳು ಮಡಿಲಿಗೆ ಹಾರಬಾರದು. ಆಸ್ಪತ್ರೆಯ ಹಾಳೆಯಲ್ಲಿ ಇದೆಲ್ಲ ಇತ್ತು, ಮಲಬದ್ಧತೆಯ ವಿಷಯವೂ ಇತ್ತು. ಜಡೆ ಹಾಕಿಕೊಳ್ಳಲಾಗುವುದಿಲ್ಲ ಎಂದು ಮಾತ್ರ ಬರೆದಿರಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ನನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕುಳಿತು ತಲೆ ಬಾಚುತ್ತಿದ್ದರು. ಸಿಕ್ಕು ಬಂದರೆ ಎಳೆಯದೆ, ಬೆರಳಿನಿಂದ ಬಿಡಿಸುತ್ತಿದ್ದರು.

ಅಡುಗೆ ಉಪ್ಪಿಲ್ಲದ್ದು. ಅವರಿಗೆ ಹರಕೆ, ನನಗೆ ಪಥ್ಯ. ಸಪ್ಪೆ ಸಾರು, ಸಪ್ಪೆ ಪಲ್ಯ, ಸಪ್ಪೆ ಜೋಳದ ಭಕ್ಕರಿ. ಗಿರೀಶ ಆಫೀಸಿನ ಡಬ್ಬಿಗೆ ಕದ್ದು ಉಪ್ಪು ಹಾಕಿಕೊಳ್ಳುತ್ತಿದ್ದ. ಎದೆಯ ನಡುವೆ ಉದ್ದ ಹೊಲಿಗೆ ಇಲ್ಲವಲ್ಲ ಎಂದು ಎದುರು ಮನೆಯ ಮರಾಠಿ ಹೆಂಗಸು ಕೇಳಿದರೆ, ಈಗೆಲ್ಲ ಸಣ್ಣ ತೂತಿನಿಂದ ಮಾಡುತ್ತಾರೆ ಎಂದು ಅತ್ತೆಯೇ ವಿವರಿಸಿದರು. ನಾನು ಒಳಗೆ ಅಂಗಾತ ಮಲಗಿ ಕೇಳುತ್ತಿದ್ದೆ. ನಕ್ಕರೆ ನೋಯುತ್ತಿತ್ತು.

ಹತ್ತನೇ ದಿನ ಡಾಕ್ಟರ್ ಗಾಯ ನೋಡಿ ತೃಪ್ತಿಪಟ್ಟರು. ಮನೆಗೆ ಬಂದು ಕನ್ನಡಿಯ ಮುಂದೆ ಮೊದಲ ಸಲ ಬ್ರಾ ಬಿಚ್ಚಿದೆ. ಎಡಗಡೆಯದು ಕೊರಳೆಲುಬಿನ ಹತ್ತಿರ ಏರಿ ಕುಳಿತಿತ್ತು, ಮೇಲೆ ಹಸಿರು ಹಳದಿ ಕಲೆ. ಮುಟ್ಟಿದರೆ ಬೆರಳಿಗೆ ಎದೆ ಗೊತ್ತಾಗುತ್ತಿತ್ತು, ಎದೆಗೆ ಬೆರಳು ಗೊತ್ತಾಗುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಒಳಗೆ ಕರೆಂಟ್ ಹೊಡೆದಂತೆ ಆಗುತ್ತಿತ್ತು. ನರಗಳು ಮರಳುತ್ತಿವೆ, ಇಂಪ್ಲಾಂಟ್ ಕೆಳಗಿಳಿದು ಮೆತ್ತಗಾಗಲು ಮೂರು ತಿಂಗಳು ಬೇಕು, ಈಗಲೇ ತೀರ್ಪು ಕೊಡಬೇಡಿ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಕೊಡಲಿಲ್ಲ. ಆದರೂ ನಿಂತು ನೋಡಿದೆ. ಇಷ್ಟು ವರ್ಷದಲ್ಲಿ ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು.

ಹದಿನಾರನೇ ದಿನ, ಶುಕ್ರವಾರ ಬೆಳಿಗ್ಗೆ, ಅತ್ತೆ ಅಡುಗೆಮನೆಯಲ್ಲಿ ಕಟ್ಟೆ ಹಿಡಿದುಕೊಂಡು ಹಾಗೆಯೇ ಕೆಳಗೆ ಕುಸಿದರು.

ಎತ್ತಲು ನಾನು ಬಾಗುವಂತಿರಲಿಲ್ಲ. ಎದುರು ಮನೆಯವರನ್ನು ಕೂಗಿದೆ.

ತಲೆಸುತ್ತು, ಕಾಲಲ್ಲಿ ಶಕ್ತಿಯಿಲ್ಲ. ನಮ್ಮ ಬೀದಿಯ ಫಿಜಿಷಿಯನ್ ರಕ್ತ ಪರೀಕ್ಷೆ ಮಾಡಿಸಿದರು. ಸೋಡಿಯಂ ಕಡಿಮೆಯಾಗಿತ್ತು. ಅತ್ತೆಗೆ ಅರವತ್ತೆಂಟು, ಮೈಯಿಂದ ಉಪ್ಪು ಹೊರಹಾಕುವ ಬಿ.ಪಿ. ಮಾತ್ರೆ ಬೇರೆ ನುಂಗುತ್ತಾರೆ. ಮಾತ್ರೆ ಬದಲಿಸಿ, ಉಪ್ಪು ಶುರು ಮಾಡಬೇಕು, ಇಲ್ಲವಾದರೆ ಅಡ್ಮಿಟ್ ಮಾಡಿ ಸಲೈನ್ ಏರಿಸಬೇಕಾಗುತ್ತದೆ ಎಂದರು. ಮನೆಗೆ ಬಂದು ಓ.ಆರ್.ಎಸ್. ಕಲಸಿ ಕೊಟ್ಟೆ. ಅತ್ತೆ ಪೊಟ್ಟಣ ತಿರುಗಿಸಿ ನೋಡಿದರು.

"ಇದರಾಗ ಉಪ್ಪ ಅದ. ನೀ ಗುಣ ಆಗು ಮೊದಲ."

ನಮ್ಮ ಕಾರ್ಖಾನೆಯ ರಿಜಿಸ್ಟರಿನಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ. ತಪ್ಪು ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಸಹಿ ಮಾಡಬೇಕು. ಕಪಾಟಿನಿಂದ ಗಾದಿ ತೆಗೆದು ಅತ್ತೆಯ ಕೈಗೆ ಕೊಟ್ಟೆ. ಎಡಗಡೆ ಚಿಕ್ಕ ವಯಸ್ಸಿನಲ್ಲಿ ಬೆಳೆಯಲೇ ಇಲ್ಲ, ಆಪರೇಷನ್ ಆದದ್ದು ಅದಕ್ಕೆ ಎಂದೆ. ಹಾರ್ಟಿಗೆ ಏನೂ ಆಗಿಲ್ಲ, ಆಗಿರಲೂ ಇಲ್ಲ ಎಂದೆ. ಗೊತ್ತಿದ್ದೂ ಸುಮ್ಮನಿದ್ದೆವು ಎಂದೂ ಹೇಳಿದೆ.

ಅವರು ಗಾದಿಯನ್ನು ಹಿಚುಕಿದರು, ಮಗುಚಿದರು. ಬಟ್ಟೆ ಅಂಗಡಿಯವರ ಮನೆಯ ಕಣ್ಣು, ಮೊದಲು ಹೊಲಿಗೆಯ ಮೇಲೆ ಹೋಯಿತು.

"ಯಾರ್ ಹೊಲದಾರಿದನ್ನ?"

"ನಮ್ಮವ್ವ."

"ಛಂದ ಹೊಲದಾಳ." ಆಮೇಲೆ ಕೇಳಿದರು, "ಗಿರ್ಯಾಗ ಗೊತ್ತಿತ್ತು?"

"ಮದುವಿಗಿಂತ ಮೊದಲ ಹೇಳಿದ್ದೆ, ಅತ್ಯಾರ."

"ಅಂವಗ ಹೇಳೀದಿ. ನನಗ ಹೇಳಾಕ ಏನಾಗಿತ್ತ? ನಾನೂ ಹೆಂಗಸ ಅಲ್ಲೇನ?"

ನಾನು ಓ.ಆರ್.ಎಸ್. ಲೋಟವನ್ನು ಅವರ ಹತ್ತಿರ ಸರಿಸಿದೆ. ಅವರು ಮುಟ್ಟಲಿಲ್ಲ.

"ಹದಿನೈದ ದಿನ ಆತು. ನೀ ಮಲಗಿದಾಗೆಲ್ಲ ನಿನ್ನ ಎದಿ ಮ್ಯಾಲೆ ಕಣ್ಣಿಟ್ಟ ಕುಂತೀನಿ. ಏರತದೋ ಇಲ್ಲೋ ಅಂತ."

ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಿತ್ತು. ಗಾದಿಯನ್ನು ನನ್ನ ಪಕ್ಕದಲ್ಲಿಟ್ಟು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಸಂಜೆ ಗಿರೀಶ ಬಂದಾಗ ಅತ್ತೆ ಅವನೊಂದಿಗೆ ಮಾತಾಡಲಿಲ್ಲ. ಅವನು ಎರಡು ಸಲ ಅವ್ವಾ ಅಂದ. ಮೂರನೆಯ ಸಲಕ್ಕೆ ಉತ್ತರ ಬಂತು. ಹರಕೆ ಅಡುಗೆಮನೆಯಲ್ಲಿ ಬಿಡುವಂಥದ್ದಲ್ಲ, ಎಲ್ಲಿ ಹೊತ್ತದ್ದೋ ಅಲ್ಲೇ ಬಿಡಬೇಕು, ಬೆಳಿಗ್ಗೆ ಕಾರು ತರಿಸು ಎಂದರು. ನಾವು ಫಿಜಿಷಿಯನ್‌ಗೆ ಫೋನ್ ಮಾಡಿ ಕೇಳಿದೆವು. ಹಳೆಯ ಮಾತ್ರೆ ಕೊಡಬೇಡಿ, ನೀರು ಹೆಚ್ಚು ಕುಡಿಸಬೇಡಿ, ಬೆಳಿಗ್ಗೆಗಿಂತ ತಡ ಬೇಡ, ಗೊಂದಲದ ಮಾತು ಆಡಿದರೆ ಕಾಯದೆ ಕರೆತನ್ನಿ ಎಂದರು. ಅತ್ತೆಯ ಮಾತಿನಲ್ಲಿ ಗೊಂದಲ ಇರಲಿಲ್ಲ. ಕಾರಿನಲ್ಲಿ ನಾನೂ ಬರಬೇಕು ಎಂದು ಒಳಗಿನಿಂದ ಸ್ಪಷ್ಟವಾಗಿ ಹೇಳಿದರು.

ಶನಿವಾರ ಆರು ಗಂಟೆಗೆ ಹೊರಟೆವು. ಸೀಟ್ ಬೆಲ್ಟ್ ಮತ್ತು ಎದೆಯ ನಡುವೆ ನಾನು ಮಗಳ ದಿಂಬು ಇಟ್ಟುಕೊಂಡಿದ್ದೆ. ರಸ್ತೆಯ ಪ್ರತಿ ಉಬ್ಬಿಗೂ ಅತ್ತೆಯ ಕೈ ಆ ದಿಂಬಿನ ಮೇಲೆ ಬಂದು ಒತ್ತಿ ಹಿಡಿಯುತ್ತಿತ್ತು. ಕೆಲಸಕ್ಕೆ ದಿನಾ ಹೋಗುವ ರಸ್ತೆ, ಆ ಉಬ್ಬುಗಳನ್ನೆಲ್ಲ ನಾನು ಬಲ್ಲೆ. ಬರುವ ಮೊದಲೇ ಹೇಳುತ್ತಾ ಹೋದೆ. ಅವರು ಮೊದಲೇ ಕೈ ಇಡುತ್ತಾ ಬಂದರು.

ಗುಡಿಯಲ್ಲಿ ಅವರು ಬಹಳ ಹೊತ್ತು ನಿಲ್ಲಲಿಲ್ಲ. ಹೂವು, ತೆಂಗಿನಕಾಯಿ, ಒಂದು ಸುತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತರು. ತಪ್ಪು ತಿಳಿದು ಹೊತ್ತ ಹರಕೆ, ದೇವರ ಮುಂದೆ ನಿಮ್ಮಿಂದ ಸುಳ್ಳು ಹೇಳಿಸಿದ ಹಾಗಾಯಿತು ಎಂದು ನಾನು ಶುರು ಮಾಡಿದೆ.

"ನಾ ಗಣಪತಿ ಮುಂದ ಹಾರ್ಟ್ ಅಂದಿಲ್ಲ," ಎಂದರು. "ಎದಿ ಅಂದೀನಿ. ಸೊಸಿ ಎದಿ ನೆಟ್ಟಗ ಆಗ್ಲೆಪಾ ಅಂದೀನಿ. ಆತಿಲ್ಲೋ?"

"ಆತ್ರಿ."

"ಮತ್ತ."

ನನ್ನ ಕಡೆ ತಿರುಗಿ, ಬಟ್ಟೆ ಅಂಗಡಿಯವರು ರವಿಕೆ ಕಣ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದರು. ಎಡಗಡೆಯದು ಸ್ವಲ್ಪ ಮೇಲಿದೆ ಎಂದರು. ಇಳಿಯುತ್ತದಂತೆ, ಮೂರು ತಿಂಗಳು ಬೇಕಂತೆ ಎಂದೆ. ತಲೆಯಾಡಿಸಿದರು.

ಗುಡಿಯ ಹೊರಗಿನ ಹೋಟೆಲ್ಲಿನಲ್ಲಿ ಅವಲಕ್ಕಿಯ ಪೋಹೆ ತರಿಸಿದೆವು. ಅತ್ತೆ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಮರಾಠಿಯಲ್ಲಿ ಹೋಟೆಲ್ಲಿನವನನ್ನು ಕರೆದು, ಇದಕ್ಕೆ ಉಪ್ಪು ಕಮ್ಮಿಯಾಗಿದೆ ಎಂದರು.

ನಾಲ್ಕು ದಿನಕ್ಕೆ ಅವರ ಸೋಡಿಯಂ ಸರಿಹೋಯಿತು. ಅವರು ಇನ್ನೆರಡು ವಾರ ನಮ್ಮಲ್ಲಿದ್ದು, ನನ್ನ ಎಡಗೈ ತಲೆಯವರೆಗೆ ಏಳುವ ತನಕ ಜಡೆ ಹಾಕಿ, ಶಿರೂರಿಗೆ ಹೋದರು. ಅಲ್ಲಿ ಯಾರಿಗೆ ಏನು ಹೇಳಿದರು ಎಂದು ನಾನು ಕೇಳಿಲ್ಲ. ವಾರಗಿತ್ತಿ ಫೋನಿನಲ್ಲಿ ಎದೆ ಹೇಗಿದೆ ಎನ್ನುತ್ತಾಳೆ. ಚೆನ್ನಾಗಿದೆ ಎನ್ನುತ್ತೇನೆ.

ಆರು ವಾರಕ್ಕೆ ಡಾಕ್ಟರ್ ಕೆಲಸಕ್ಕೆ ಹೋಗಲು ಒಪ್ಪಿದರು. ಮಗಳನ್ನು ಎತ್ತಿಕೊಂಡೆ. ಅವಳು ಹಗುರವಾಗಿರಲಿಲ್ಲ. ಜನವರಿಯಲ್ಲಿ ಟೀ ಶರ್ಟ್ ಕೊಟ್ಟರು, ನೀಲಿ ಬಣ್ಣದ್ದು. ಬಾಗಿ ಅಳೆದೆ, ಎದ್ದು ನಿಂತೆ. ಏನೂ ಜಾರಲಿಲ್ಲ.

ಮೂರು ತಿಂಗಳ ತಪಾಸಣೆ ಫೆಬ್ರವರಿ ಎರಡನೇ ವಾರ ಆಯಿತು. ಇಂಪ್ಲಾಂಟ್ ಇಳಿದಿದೆ, ಮೆತ್ತಗಿದೆ. ಎಡ ಬಲಗಳ ನಡುವೆ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಇದೆ. ತೊಟ್ಟಿನ ಹೊರ ಅಂಚಿಗೆ ಸ್ಪರ್ಶ ಬಂದಿದೆ, ನಡುವೆ ಇನ್ನೂ ಬಂದಿಲ್ಲ. ಮುಂದಿನ ತಪಾಸಣೆ ಮೇ ತಿಂಗಳಲ್ಲಿ.

ನಿನ್ನೆ ಶಿರೂರಿನಿಂದ ಅತ್ತೆ ಒಂದು ಡಬ್ಬ ಕಳಿಸಿದ್ದಾರೆ. ನಿಂಬೆಹಣ್ಣಿನ ಉಪ್ಪಿನಕಾಯಿ.